ಕೋವಿಯ ಮೇಲಿನ ಒಂದು ಅಕ್ಷರ

ಕನ್ನಡ ಪಾಠ ಹೇಳುವುದರ ಜೊತೆಗೆ ಕೆಲವು ವರ್ಷಗಳ ಕಾಲ ನಮ್ಮ ಕಾಲೇಜಿನ ಎನ್.ಸಿ.ಸಿ. ದಳದ ಹೊಣೆಯೂ ನನ್ನ ಪಾಲಿಗೆ ಬಂದಿದ್ದಿತು. ಪಂಪ ರನ್ನರನ್ನು ಬೋಧಿಸುವವನಿಗೆ ಕೋವಿಯ ಸಹವಾಸವೇಕೆಂದು ಸಹೋದ್ಯೋಗಿಗಳು ನಗುತ್ತಿದ್ದುದುಂಟು. ಕವಾಯತಿಗೆಂದು ಇರಿಸಿದ್ದ ಹಳೆಯ ತ್ರೀ ನಾಟ್ ತ್ರೀ ರೈಫಲುಗಳನ್ನು ಹಿಂದಿರುಗಿಸುವ ದಿನ, ಅವುಗಳನ್ನು ಒರೆಸುತ್ತಿದ್ದ ವಿದ್ಯಾರ್ಥಿಯೊಬ್ಬನು ಇದಕ್ಕೆ ಈಗ ಏನು ಬೆಲೆ ಬಂದೀತು ಸಾರ್ ಎಂದು ಕೇಳಿದನು. ಥಟ್ಟನೆ ಉತ್ತರ ಹೊಳೆಯಲಿಲ್ಲ. ನನಗೆ ತಿಳಿದಿರುವ ವಿದ್ಯೆಯೆಂದರೆ ಶಾಸನಗಳನ್ನು ಓದುವುದು. ಆ ಕೋವಿಯನ್ನೂ ಹಾಗೆಯೇ ಓದಿ ನೋಡಿದೆನು.

ಶಾಸನವನ್ನು ಓದುವವನು ಮೊದಲು ಅರಸನ ಹೆಸರನ್ನೂ ಅನಂತರ ಶಕವರ್ಷವನ್ನೂ ಹುಡುಕುತ್ತಾನೆ. ಕೋವಿಯನ್ನು ಗುರುತಿಸುವವರ ಕ್ರಮವೂ ಹೆಚ್ಚುಕಡಮೆ ಇದೇ ಆಗಿದೆ. ಮರದ ಹಿಂಬದಿಯು ಉಕ್ಕಿನೊಡನೆ ಕೂಡುವೆಡೆಯಲ್ಲಿ, ಬಲಮಗ್ಗುಲಿಗೆ, ಒಂದು ಕಿರೀಟದ ಮುದ್ರೆ. ಅದರ ಕೆಳಗೆ ಜಿ.ಆರ್. ಎಂಬ ಅಕ್ಷರಗಳು. ಇದು ಐದನೆಯ ಜಾರ್ಜ್ ದೊರೆಯ ಅಂಕಿತ. ವಿ.ಆರ್. ಎಂದಿದ್ದರೆ ವಿಕ್ಟೋರಿಯಾ ರಾಣಿಯ ಕಾಲದ್ದು, ಇ.ಆರ್. ಎಂದಿದ್ದರೆ ಏಳನೆಯ ಎಡ್ವರ್ಡನ ಕಾಲದ್ದು. ಅದರ ಕೆಳಗೆ ಎನ್‌ಫೀಲ್ಡ್ ಎಂದು ಕಾರ್ಖಾನೆಯ ಹೆಸರು. ಬರ್ಮಿಂಗ್‌ಹ್ಯಾಮಿನದಾದರೆ ಬಿ.ಎಸ್.ಎ. ಎಂದೂ ಆಸ್ಟ್ರೇಲಿಯಾದ್ದಾದರೆ ಲಿತ್‌ಗೋ ಎಂದೂ ನಮ್ಮ ಬಂಗಾಳದ್ದಾದರೆ ಇಶಾಪುರ್ ಎಂದೂ ಇರುತ್ತಿದ್ದಿತು. ಮುಂದೆ 1917 ಎಂಬ ಇಸವಿ. ಕೊನೆಯ ಸಾಲಿನಲ್ಲಿ ಎಸ್.ಎಚ್.ಟಿ., ಎಲ್., ಇ. ಎಂಬ ಅಕ್ಷರಗಳೂ, ಮೂರು ಎಂಬ ರೋಮನ್ ಅಂಕಿಯೂ, ಅದರ ಪಕ್ಕದಲ್ಲಿ ಒಂದು ನಕ್ಷತ್ರವೂ ಇದ್ದವು. ಮೊದಲ ಮಹಾಯುದ್ಧದ ಅವಸರದಲ್ಲಿ, ಮ್ಯಾಗಜೀನಿನ ಮೇಲೆ ಮುಚ್ಚಳದಂತೆ ಸರಿಯುತ್ತಿದ್ದ ತಗಡು ಮೊದಲಾದ ಕೆಲವು ಭಾಗಗಳನ್ನು ಬಿಟ್ಟು ತಯಾರಿಸಿದ ಮಾದರಿಗೆ ಈ ನಕ್ಷತ್ರವು ಗುರುತು.

ಇನ್ನು ಬೆಲೆಯ ಮಾತು. ಕೋವಿಯ ಮೈ, ಬೋಲ್ಟು, ಗುರಿಯ ಪಟ್ಟಿ, ಮೂತಿಯ ಕವಚ ಇವುಗಳ ಮೇಲೆಲ್ಲ ಒಂದೇ ಸಂಖ್ಯೆಯಿದ್ದರೆ ಅದು ಕಲಬೆರಕೆಯಿಲ್ಲದ ಆಯುಧವೆಂದು ತಿಳಿದು ಸಂಗ್ರಾಹಕರು ಹೆಚ್ಚು ಹಣ ಕೊಡುತ್ತಾರೆ. ಒಂದರ ಬೋಲ್ಟು ಮತ್ತೊಂದಕ್ಕೆ ಸೇರಿದ್ದರೆ ಬೆಲೆ ಇಳಿಯುತ್ತದೆ. ತೋಟಾ ಕುಳಿತುಕೊಳ್ಳುವ ಎಡೆಯ ಅಳತೆ ತಪ್ಪಿದರೆ ಹಾರಿಸುವವನಿಗೇ ಅಪಾಯವುಂಟು. ಎರಡು ಬಾಣದ ಗುರುತುಗಳು ಮೂತಿಗೆ ಮೂತಿ ತಾಗಿಸಿ ನಿಂತಿದ್ದರೆ, ಸರಕಾರವು ಅದನ್ನು ಸೇವೆಯಿಂದ ಬಿಡಿಸಿ ಮಾರಿತೆಂದು ಅರ್ಥ. ನಮ್ಮ ಕೋವಿಯ ಬೋಲ್ಟಿನ ಸಂಖ್ಯೆಯೇ ಬೇರೆ, ಮೇಲಾಗಿ ಡಿ.ಪಿ. ಎಂಬ ಮುದ್ರೆ ಬಿದ್ದು, ಅದು ಕವಾಯತಿಗೆ ಮಾತ್ರ ಯೋಗ್ಯವೆಂದು ಸಾರುತ್ತಿದ್ದಿತು. ಸಂಗ್ರಾಹಕನ ಕಣ್ಣಿಗೆ ಅದು ಅಗ್ಗದ ವಸ್ತು. ನಮ್ಮ ದೇಶದಲ್ಲಂತೂ ಈ ಅಳತೆಯ ಕೋವಿಯು ಸಾಮಾನ್ಯ ನಾಗರಿಕನಿಗೆ ನಿಷಿದ್ಧವಾದುದರಿಂದ ಪೇಟೆಯ ಧಾರಣೆಯ ಪ್ರಶ್ನೆಯೇ ಏಳುವುದಿಲ್ಲ.

ಆದರೆ ಆ ಕೊನೆಯ ಸಾಲಿನ ಎಲ್. ಎಂಬ ಅಕ್ಷರವು ನನ್ನನ್ನು ಹಿಡಿದು ನಿಲ್ಲಿಸಿತು. ಇ. ಎಂಬುದು ಎನ್‌ಫೀಲ್ಡ್ ಊರು. ಎಲ್. ಎಂಬುದು ಒಬ್ಬ ಮನುಷ್ಯ, ಜೇಮ್ಸ್ ಪ್ಯಾರಿಸ್ ಲೀ.

ಆತನು ಜನಿಸಿದುದು 1831ರ ಆಗಸ್ಟ್ 9ರಂದು, ಸ್ಕಾಟ್ಲೆಂಡಿನ ಹಾವಿಕ್ ಎಂಬ ಊರಿನಲ್ಲಿ. ಬಾಲ್ಯದಲ್ಲಿಯೇ ಕುಟುಂಬವು ಸಮುದ್ರ ದಾಟಿ ಕೆನಡಾದ ಗಾಲ್ಟ್ ಎಂಬಲ್ಲಿ ನೆಲಸಿತು. ತಂದೆ ಜಾರ್ಜ್ ಲೀ ಗಡಿಯಾರ ಮತ್ತು ಒಡವೆಗಳ ಕೆಲಸಗಾರ. ಮಗನೂ ಆ ಅಂಗಡಿಯಲ್ಲಿಯೇ ಸಣ್ಣ ಚಕ್ರ, ಸಣ್ಣ ಸ್ಪ್ರಿಂಗುಗಳ ಮರ್ಮವನ್ನು ಕಲಿತನು. ಹನ್ನೆರಡರ ಹರೆಯದಲ್ಲಿ, ಹಳೆಯ ಪಿಸ್ತೂಲೊಂದಕ್ಕೆ ಕೈಯಾರೆ ಕೆತ್ತಿದ ಮರದ ಹಿಡಿ ಜೋಡಿಸಿ ತನ್ನ ಮೊದಲ ಕೋವಿಯನ್ನು ಮಾಡಿದನು. ಅದು ಸರಿಯಾಗಿ ಕೆಲಸ ಮಾಡಲಿಲ್ಲ. ಮುಂದೆ ಗಡಿಯಾರದ ಸ್ವಂತ ಅಂಗಡಿ ತೆರೆದು ಸಂಸಾರಸ್ಥನಾದರೂ ಆ ಹುಚ್ಚು ಅವನನ್ನು ಬಿಡಲಿಲ್ಲ.

1858ರಲ್ಲಿ ಆತನು ಅಮೆರಿಕದ ವಿಸ್ಕಾನ್ಸಿನ್ ಪ್ರಾಂತಕ್ಕೆ ಹೋದನು. ಅಂತರ್ಯುದ್ಧದ ಕಾಲದಲ್ಲಿ, ಮೂತಿಯಿಂದ ಮದ್ದು ತುಂಬುವ ಕೋವಿಯನ್ನು ಹಿಂಬದಿಯಿಂದ ತುಂಬುವಂತೆ ಮಾರ್ಪಡಿಸುವ ಉಪಾಯವೊಂದನ್ನು ಕಂಡುಹಿಡಿದನು. ಸಾವಿರ ಕೋವಿಗಳಿಗೆ ಸೈನ್ಯದ ಕಂತ್ರಾಟು ದೊರೆಯಿತು. ನಳಿಗೆಯ ಒಳ ಅಳತೆಯ ವಿಷಯದಲ್ಲಿ ಎರಡು ಕಡೆಗಳಿಗೂ ತಪ್ಪು ತಿಳಿವಳಿಕೆಯುಂಟಾಗಿ ಆ ಕಂತ್ರಾಟು ಮುರಿದುಬಿದ್ದಿತು. ಕೂದಲೆಳೆಯಷ್ಟು ಅಳತೆಯ ಲೆಕ್ಕದಲ್ಲಿ ಬೆಳೆದ ಗಡಿಯಾರದವನು ಅಳತೆಯಿಂದಲೇ ಸೋತನೆಂಬುದು ವಿಧಿಯ ವಿನೋದವೇ ಸರಿ.

ಆತನ ಹೆಸರನ್ನು ಉಳಿಸಿದ ಕಲ್ಪನೆಗೆ ಹಕ್ಕುಪತ್ರ ದೊರೆತುದು 1879ರ ನವೆಂಬರ್ 4ರಂದು. ಅದುವರೆಗೆ ಹಲವು ಕೋವಿಗಳಲ್ಲಿ ತೋಟಾಗಳನ್ನು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದಾಗಿ ತುಂಬುತ್ತಿದ್ದರು. ಒಂದರ ಮೂತಿ ಇನ್ನೊಂದರ ಬುಡಕ್ಕೆ ತಾಗುವ ಭಯ. ಗುಂಡು ಖರ್ಚಾದಂತೆಲ್ಲ ಕೋವಿಯ ತೂಕವೂ ಪಲ್ಲಟವಾಗುವ ತೊಂದರೆ. ಲೀಯು ತೋಟಾಗಳನ್ನು ಬೋಲ್ಟಿನ ನೇರ ಕೆಳಗೆ, ತೆಗೆದು ಹಾಕಬಹುದಾದ ಸಣ್ಣ ಉಕ್ಕಿನ ಪೆಟ್ಟಿಗೆಯಲ್ಲಿ ಒಂದರ ಮೇಲೊಂದಾಗಿ ಇರಿಸಿ, ತಳದಲ್ಲಿ ಸ್ಪ್ರಿಂಗನ್ನು ಕೂರಿಸಿದನು. ಬೋಲ್ಟನ್ನು ಹಿಂದೆಳೆದರೆ ಮುಂದಿನ ತೋಟಾ ತಾನಾಗಿ ಮೇಲೇಳುವುದು. ಗಡಿಯಾರಕ್ಕೆ ಜೀವಕೊಡುವ ಸ್ಪ್ರಿಂಗನ್ನು ಬಲ್ಲ ಕೈಗೆ ಇದು ಹೊಳೆದುದು ಆಶ್ಚರ್ಯವಲ್ಲ. ಆದರೆ ಆತನ ಕೋವಿಯನ್ನು ತಯಾರಿಸಲು ಹೊರಟಿದ್ದ ಶಾರ್ಪ್ಸ್ ಕಂಪನಿಯು ಬೇಗನೆ ಬಾಗಿಲು ಮುಚ್ಚಿತು. ಕೆಲಸವು ರೆಮಿಂಗ್ಟನ್ ಕಂಪನಿಗೆ ಹೋಯಿತು.

ಕೊನೆಗೆ ಆ ಪೆಟ್ಟಿಗೆಯನ್ನೂ ಬೋಲ್ಟನ್ನೂ ಮೆಚ್ಚಿ ಎತ್ತಿಕೊಂಡುದು ಬ್ರಿಟಿಷ್ ಸೈನ್ಯ. 1888ರಲ್ಲಿ ಮೆಟ್‌ಫರ್ಡ್ ಎಂಬಾತನ ನಳಿಗೆಯೊಡನೆ ಅದು ಲೀ ಮೆಟ್‌ಫರ್ಡ್ ಎನಿಸಿತು. ಹೊಗೆಯಿಲ್ಲದ ಕಾರ್ಡೈಟ್ ಮದ್ದಿನ ಕಾವಿಗೆ ಆ ನಳಿಗೆಯ ಆಳವಿಲ್ಲದ ಗೀರುಗಳು ಬೇಗ ಸವೆಯತೊಡಗಿದವು. 1895ರಲ್ಲಿ ಎನ್‌ಫೀಲ್ಡಿನ ಆಳವಾದ ಗೀರುಗಳ ನಳಿಗೆಯನ್ನು ಕೂಡಿಸಿದರು. ಮೆಟ್‌ಫರ್ಡನ ಹೆಸರು ಅಳಿದು ಲೀಯ ಹೆಸರು ಉಳಿಯಿತು. 1857ರಲ್ಲಿ ನಮ್ಮ ಸಿಪಾಯಿಗಳನ್ನು ಕೆರಳಿಸಿದ ಎನ್‌ಫೀಲ್ಡ್ ಕೋವಿಯೇ ಇದೆಂದು ಕೆಲವರು ಭ್ರಮಿಸುವುದುಂಟು. ಅದು ಮೂತಿಯಿಂದ ಮದ್ದು ತುಂಬುವ ಹಳೆಯ ಕೋವಿ; ಆಗ ಲೀಯು ಇನ್ನೂ ಕೆನಡಾದ ಗಡಿಯಾರದ ಕೆಲಸಗಾರ.

1904ರ ಫೆಬ್ರವರಿ 24ರಂದು ಅಮೆರಿಕದ ಕನೆಕ್ಟಿಕಟ್ ಪ್ರಾಂತದಲ್ಲಿ, ಕಡಲತಡಿಯ ಶಾರ್ಟ್ ಬೀಚ್ ಎಂಬ ಊರಿನಲ್ಲಿ ಆತನು ತೀರಿಕೊಂಡನು. ನನ್ನ ಕೈಯಲ್ಲಿದ್ದ ಮಾದರಿಯು ಅಂಗೀಕೃತವಾದುದು 1907ರಲ್ಲಿ. ಅದನ್ನು ಆತನು ಕಾಣಲಿಲ್ಲ. ಎಲ್ಲ ದೇಶಗಳಲ್ಲಿ ತಯಾರಾದ ಲೀ ಎನ್‌ಫೀಲ್ಡ್ ಕೋವಿಗಳು 1 ಕೋಟಿ 70 ಲಕ್ಷವೆಂದು ಅಂದಾಜು.

ಈ ಬಾಳಿನ ಕಥೆಯನ್ನು ಓದಿದ ಮೇಲೆ ನನ್ನ ಮನಸ್ಸು ತೂಗುಯ್ಯಾಲೆಯಾಯಿತು. 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗಿನಲ್ಲಿ 50 ಮಂದಿ ಸಿಪಾಯಿಗಳು ಹಾರಿಸಿದ 1,650 ಗುಂಡುಗಳು ಹೊರಟುದು ಈ ಬಗೆಯ ಕೋವಿಗಳಿಂದಲೇ. ಸತ್ತವರು 379 ಮಂದಿಯೆಂದು ಸರಕಾರವೇ ಲೆಕ್ಕ ಕೊಟ್ಟಿತು. 1962ರಲ್ಲಿ ಹಿಮಾಲಯದ ಚಳಿಯಲ್ಲಿ ಚೀನೀ ಸೈನ್ಯಕ್ಕೆ ಎದೆಯೊಡ್ಡಿ ನಿಂತ ನಮ್ಮ ಯೋಧರ ಕೈಯಲ್ಲಿದ್ದುದೂ ಇದೇ ಕೋವಿ. ಉತ್ತರ ಪ್ರದೇಶದ ಪೊಲೀಸರು ಇದನ್ನು ಬೀಳ್ಕೊಟ್ಟುದು 2020ರ ಗಣರಾಜ್ಯ ದಿನದಂದು. ಈ ಲೆಕ್ಕಗಳಲ್ಲಿ ಯಾವುದನ್ನು ಆ ಗಡಿಯಾರದವನ ಖಾತೆಗೆ ಬರೆಯಬೇಕು? ಹಾರಿಸೆಂದವನ ಪಾಪವನ್ನು ಮಾಡಿದವನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ಹತ್ತು ತೋಟಾಗಳು ಅಷ್ಟು ಬೇಗ, ಅಷ್ಟು ಸಲೀಸಾಗಿ ಮೇಲೇಳುವಂತೆ ಮಾಡಿದುದು ಅವನ ಜಾಣ್ಮೆಯೇ. ಅದನ್ನು ಪೂರ್ತಿಯಾಗಿ ಮರೆಯುವುದೂ ನನ್ನಿಂದಾಗಲಿಲ್ಲ.

ಮರುದಿನ ಆ ಹುಡುಗನನ್ನು ಕರೆದು ಕಿರೀಟ, ಊರು, ಇಸವಿ, ನಕ್ಷತ್ರಗಳನ್ನು ಒಂದೊಂದಾಗಿ ಓದಿಸಿದೆನು. ಸಂಗ್ರಾಹಕರಿಗೆ ಇದು ಅಗ್ಗದ ಮಾಲೆಂದು ತಿಳಿಸಿದೆನು. ಎಲ್. ಎಂಬ ಅಕ್ಷರದ ಬಳಿ ನಿಲ್ಲಿಸಿ, ಗಾಲ್ಟಿನ ಅಂಗಡಿಯಿಂದ ಅಮೃತಸರದವರೆಗಿನ ಕಥೆಯನ್ನೂ ಹೇಳಿದೆನು. ಅವನು ಬಹಳ ಹೊತ್ತು ಸುಮ್ಮನಿದ್ದು, ಎಣ್ಣೆಯ ಬಟ್ಟೆಯಿಂದ ಆ ಸಾಲನ್ನು ಇನ್ನೊಮ್ಮೆ ಒರೆಸಿ, ಕೋವಿಯನ್ನು ಪೆಟ್ಟಿಗೆಯಲ್ಲಿ ಮಲಗಿಸಿದನು. ಬೆಲೆಯನ್ನು ಮತ್ತೆ ಕೇಳಲಿಲ್ಲ.