ಪುಣೆ–ಬೆಂಗಳೂರುಗಳನ್ನು ಬೆಸೆದ ಶಹಾಜಿ ರಾಜ

ಪುಣೆಯ ಇತಿಹಾಸವನ್ನು ಕಣ್ಣಾರೆ ಕಾಣಲಪೇಕ್ಷಿಸುವವರು ಸಾಮಾನ್ಯವಾಗಿ ಕಸಬಾ ಪೇಟೆಯಿಂದ ತಮ್ಮ ನಡಿಗೆಯನ್ನು ಆರಂಭಿಸುತ್ತಾರೆ. ತಿಳಿದವರೊಬ್ಬರು ಮುಂದೆ ನಿಂತು ಒಂದೊಂದು ಕಟ್ಟಡದ ಕಥೆಯನ್ನು ಹೇಳುತ್ತಿರಲು, ಹತ್ತಿಪ್ಪತ್ತು ಮಂದಿ ಅವರ ಹಿಂದೆ ಗಲ್ಲಿಗಲ್ಲಿಗಳನ್ನು ಸುತ್ತುತ್ತಾರೆ. ಕಸಬಾ ಗಣಪತಿಯ ಗುಡಿ, ಲಾಲ್ ಮಹಲು, ಶನಿವಾರವಾಡೆ ಇವುಗಳನ್ನು ನೋಡಿದ ಬಳಿಕ, ಬಿಡುವುಳ್ಳವರು ನಗರದಿಂದ ಸುಮಾರು 50 ಕಿಲೋಮೀಟರು ದೂರದಲ್ಲಿರುವ ಜೇಜುರಿಯ ಬೆಟ್ಟವನ್ನೂ ಹತ್ತಿ ಬರುತ್ತಾರೆ. ಈ ಪ್ರವಾಸದ ಉದ್ದಕ್ಕೂ ಛತ್ರಪತಿ ಶಿವಾಜಿಯ ಹೆಸರು ಕಿವಿಯ ಮೇಲೆ ಬೀಳುತ್ತಲೇ ಇರುತ್ತದೆ. ಆತನ ತಂದೆಯ ಹೆಸರು ಮಾತ್ರ ಒಂದೆರಡು ಸಲ ಬಂದು ಮರೆಯಾಗುತ್ತದೆ. ಪುಣೆಯಲ್ಲಿ ನೆಲಸಿ ಕನ್ನಡವನ್ನು ಕಲಿಯುತ್ತಿರುವ ವಿದ್ಯಾರ್ಥಿಗಳಿಗಾದರೋ ಆ ತಂದೆಯ ಚರಿತ್ರೆಯೇ ಹೆಚ್ಚು ಸಮೀಪವಾದುದು. ಏಕೆಂದರೆ ಶಹಾಜಿ ಭೋಸಲೆಯ ಬಾಳಿನ ಮೊದಲರ್ಧ ಈ ನೆಲದಲ್ಲಿಯೂ ಎರಡನೆಯ ಅರ್ಧ ಕನ್ನಡ ನಾಡಿನಲ್ಲಿಯೂ ಕಳೆಯಿತು.

ಶಹಾಜಿಯು 1594ರಲ್ಲಿ ಜನಿಸಿದನೆಂದು ಬಹು ಮಂದಿಯ ಗಣನೆ. ತಂದೆಯಾದ ಮಾಲೋಜಿ ವೇರೂಳಿನವನು. ಅಹಮದನಗರದ ನಿಜಾಮಶಾಹಿಯಲ್ಲಿ ಸರದಾರ. ವೇರೂಳಿನ ಘೃಷ್ಣೇಶ್ವರ ದೇವಾಲಯವನ್ನು ಜೀರ್ಣೋದ್ಧಾರ ಮಾಡಿಸಿದ ಕೀರ್ತಿ ಆತನದು. ಮಕ್ಕಳಿಲ್ಲದಿದ್ದ ಮಾಲೋಜಿಯು ಅಹಮದನಗರದ ಶಾಹ ಶರೀಫನೆಂಬ ಸಂತನಿಗೆ ಹರಕೆ ಹೊತ್ತು, ಹುಟ್ಟಿದ ಇಬ್ಬರು ಗಂಡುಮಕ್ಕಳಿಗೆ ಶಹಾಜಿ, ಶರೀಫಜಿ ಎಂದು ಆ ಸಂತನ ಹೆಸರನ್ನೇ ಹಂಚಿಟ್ಟನೆಂದು ಪ್ರತೀತಿಯಿದೆ. ಶಿವನ ಗುಡಿಯನ್ನು ಕಟ್ಟಿಸಿದ ಮನೆಯಲ್ಲಿಯೇ ಸೂಫಿ ಸಂತನ ಹೆಸರು ಬೆಳಗಿತೆಂಬುದನ್ನು ಗಮನಿಸಬೇಕು. ಸಿಂದಖೇಡದ ಲಖೂಜಿ ಜಾಧವನ ಮಗಳಾದ ಜೀಜಾಬಾಯಿಯೊಡನೆ ಶಹಾಜಿಯ ವಿವಾಹವಾಯಿತು.

ಆ ಕಾಲದ ದಖ್ಖನವು ನೆಮ್ಮದಿಯನ್ನು ಕಾಣದ ನಾಡು. ಉತ್ತರದಿಂದ ಮೊಗಲರು ಒತ್ತಿ ಬರುತ್ತಿದ್ದರು. ಅಹಮದನಗರ, ವಿಜಾಪುರಗಳು ಒಮ್ಮೆ ಸ್ನೇಹಿತರು, ಮತ್ತೊಮ್ಮೆ ಶತ್ರುಗಳು. 1624ರಲ್ಲಿ ಭಾತವಡಿಯ ಬಳಿ ನಡೆದ ಯುದ್ಧದಲ್ಲಿ ಶಹಾಜಿಯು ಮಲಿಕ್ ಅಂಬರನ ಪಕ್ಷದಲ್ಲಿ ಹೋರಾಡಿ ಹೆಸರು ಪಡೆದನು. ಆದರೆ ತಮ್ಮನಾದ ಶರೀಫಜಿಯನ್ನು ಅದೇ ರಣದಲ್ಲಿ ಕಳೆದುಕೊಂಡನು. 1629ರಲ್ಲಿ ನಿಜಾಮಶಾಹನು ದೌಲತಾಬಾದಿನ ದರ್ಬಾರಿನಲ್ಲಿಯೇ ಲಖೂಜಿ ಜಾಧವನನ್ನು ಮಕ್ಕಳೊಡನೆ ಕೊಲ್ಲಿಸಿದನು. ಹೆಂಡತಿಯ ತವರು ಹೀಗೆ ನೆತ್ತರಿನಲ್ಲಿ ಮುಳುಗಿದ ಮರುವರ್ಷವೇ, 1630ರ ಫೆಬ್ರವರಿ 19ರಂದು, ಶಿವನೇರಿಯ ಕೋಟೆಯಲ್ಲಿ ಶಿವಾಜಿಯು ಹುಟ್ಟಿದನು.

ಅದೇ ಸುಮಾರಿಗೆ ಪುಣೆಗೂ ಘೋರವಾದ ಗತಿ ಬಂದಿತು. ವಿಜಾಪುರದ ಸರದಾರನಾದ ಮುರಾರ ಜಗದೇವನು ಶಹಾಜಿಯ ಜಹಗೀರಾಗಿದ್ದ ಈ ಊರನ್ನು ಸುಟ್ಟು, ಕತ್ತೆಗಳಿಂದ ನೇಗಿಲು ಹೊಡೆಸಿ, ಇಲ್ಲಿ ಮತ್ತೆ ಯಾರೂ ಬಾಳಬಾರದೆಂಬ ಸಂಕೇತವಾಗಿ ನೆಲದಲ್ಲಿ ಕಬ್ಬಿಣದ ಹಾರೆಯನ್ನು ಹುಗಿಸಿದನೆಂದು ಹೇಳುತ್ತಾರೆ. ಮೇಲೆ 1630ರಿಂದ 1632ರವರೆಗೆ ದಖ್ಖನವನ್ನು ಹಿಂಡಿದ ಭೀಕರ ಕ್ಷಾಮ. ಇಂದು ಲಕ್ಷಾಂತರ ಜನ ಓಡಾಡುವ ಬೀದಿಗಳು ಅಂದು ಬರಿಯ ಬೂದಿಯಾಗಿದ್ದುವು.

1633ರಲ್ಲಿ ದೌಲತಾಬಾದು ಮೊಗಲರ ವಶವಾದಾಗ ನಿಜಾಮಶಾಹಿಯ ಕಥೆ ಮುಗಿಯಿತೆಂದು ಎಲ್ಲರೂ ಭಾವಿಸಿದರು. ಶಹಾಜಿಯು ಮಾತ್ರ ಎದೆಗುಂದಲಿಲ್ಲ. ಆ ವಂಶದ ಬಾಲಕನೊಬ್ಬನನ್ನು ಪೇಮಗಿರಿಯ ಕೋಟೆಯಲ್ಲಿ ಸಿಂಹಾಸನದ ಮೇಲೆ ಕೂರಿಸಿ, ತಾನೇ ಮೂರು ವರ್ಷ ರಾಜ್ಯಭಾರವನ್ನು ನಡೆಯಿಸಿದನು. ಕೊನೆಗೆ ಶಾಹಜಹಾನನೂ ವಿಜಾಪುರದ ಆದಿಲಶಾಹನೂ ಒಪ್ಪಂದ ಮಾಡಿಕೊಂಡು ಒಂದಾಗಲು, 1636ರಲ್ಲಿ ಮಾಹುಲಿಯ ಕೋಟೆಯಲ್ಲಿ ಶರಣಾಗಬೇಕಾಯಿತು. ಪುಣೆಯ ಜಹಗೀರು ಅವನಿಗೇ ಉಳಿಯಿತು; ಆದರೆ ಅವನು ವಿಜಾಪುರದ ಸೇವಕನಾಗಿ ದೂರದ ಕರ್ನಾಟಕಕ್ಕೆ ಹೋಗಬೇಕಾಯಿತು.

ವಿಜಾಪುರದ ಸೇನಾಪತಿಯಾದ ರಣದುಲ್ಲಾಖಾನನೊಡನೆ ಶಹಾಜಿಯು ದಕ್ಷಿಣಕ್ಕೆ ದಂಡೆತ್ತಿ ಹೋದನು. 1638ರಲ್ಲಿ ಬೆಂಗಳೂರು ಅವರ ಕೈಸೇರಿತು. 1537ರಲ್ಲಿ ಆ ಊರನ್ನು ಕಟ್ಟಿದ ಕೆಂಪೇಗೌಡನ ವಂಶದವರು ಮಾಗಡಿಗೆ ಸರಿದರು. ಸ್ವಂತ ಊರು ಸುಟ್ಟುಹೋದ ನೋವನ್ನು ಕಂಡವನೇ ಮತ್ತೊಬ್ಬರ ಊರನ್ನು ಗೆದ್ದುಕೊಂಡನೆಂಬುದು ಕಹಿಯಾದರೂ ಸತ್ಯ. ಅದನ್ನು ಮುಚ್ಚಿಡುವುದು ಇತಿಹಾಸಕ್ಕೆ ತರವಲ್ಲ. ಆದರೆ ಗೆದ್ದ ಊರನ್ನು ಅವನು ಹಾಳುಗೆಡವಲಿಲ್ಲ. ಬೆಂಗಳೂರು, ಕೋಲಾರ, ಹೊಸಕೋಟೆ, ದೊಡ್ಡಬಳ್ಳಾಪುರ, ಸಿರಾಗಳ ಆಡಳಿತವನ್ನು ವಹಿಸಿಕೊಂಡು ಬೆಂಗಳೂರನ್ನೇ ತನ್ನ ನೆಲೆಯನ್ನಾಗಿ ಮಾಡಿಕೊಂಡನು. ಅವನ ಆಸ್ಥಾನದಲ್ಲಿ ಪಂಡಿತರಿಗೂ ಕವಿಗಳಿಗೂ ಆಶ್ರಯವಿದ್ದಿತು. ಜಯರಾಮ ಪಿಂಡ್ಯೆ ಎಂಬ ಕವಿಯು ಅವನನ್ನು ಕುರಿತು 'ರಾಧಾಮಾಧವವಿಲಾಸ ಚಂಪು'ವನ್ನು ಸಂಸ್ಕೃತದಲ್ಲಿ ರಚಿಸಿ, ಅದರಲ್ಲಿ ಹಲವು ದೇಶಭಾಷೆಗಳ ಪದ್ಯಗಳನ್ನೂ ಸೇರಿಸಿದನು. ಬಾಲಕ ಶಿವಾಜಿಯೂ ತಾಯಿಯೊಡನೆ ಕೆಲವು ಕಾಲ ಬೆಂಗಳೂರಿನಲ್ಲಿದ್ದನೆಂದು ಹೇಳುತ್ತಾರೆ.

ಇತ್ತ ಪುಣೆಯ ಜಹಗೀರನ್ನು ದಾದೋಜಿ ಕೊಂಡದೇವನು ನೋಡಿಕೊಳ್ಳುತ್ತಿದ್ದನು. ಜೀಜಾಬಾಯಿಗೂ ಶಿವಾಜಿಗೂ ಲಾಲ್ ಮಹಲು ಎದ್ದಿತು. ಕಸಬಾ ಗಣಪತಿಯ ಪೂಜೆಯೂ ಜೀಜಾಬಾಯಿಯಿಂದ ನೆಲೆಗೊಂಡಿತೆಂದು ಪರಂಪರೆಯ ಮಾತು. ಕತ್ತೆಗಳಿಂದ ಉಳಿಸಿದ ನೆಲವನ್ನು ಚಿನ್ನದ ನೇಗಿಲಿನಿಂದ ಉತ್ತು ಶುದ್ಧಗೊಳಿಸಿದರೆಂಬ ಕಥೆಯೂ ಉಂಟು. ಈಗ ನಾವು ನೋಡುವ ಲಾಲ್ ಮಹಲು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹೊಸದಾಗಿ ಕಟ್ಟಿದ ಕಟ್ಟಡ. ಆದರೂ ಗಣೇಶೋತ್ಸವದ ವಿಸರ್ಜನೆಯ ಮೆರವಣಿಗೆಯಲ್ಲಿ ಮೊದಲ ಮಾನ ಇಂದಿಗೂ ಕಸಬಾ ಗಣಪತಿಗೇ ಸಲ್ಲುತ್ತದೆ.

ಹೀಗೆ ಸಂಸಾರವು ಎರಡು ಊರುಗಳಲ್ಲಿ ಹರಿದು ಹಂಚಿಹೋಯಿತು. ಬೆಂಗಳೂರಿನಲ್ಲಿ ಶಹಾಜಿಯೊಡನೆ ಎರಡನೆಯ ಹೆಂಡತಿ ತುಕಾಬಾಯಿಯೂ ಅವಳ ಮಗ ಏಕೋಜಿಯೂ ಇದ್ದರು. ಜೀಜಾಬಾಯಿಯ ಹಿರಿಯ ಮಗ ಸಂಭಾಜಿಯೂ ಅಲ್ಲಿಯೇ ಇದ್ದನು. ಪುಣೆಯಲ್ಲಿ ಶಿವಾಜಿಯು ವಿಜಾಪುರದ ಕೋಟೆಗಳನ್ನು ಒಂದೊಂದಾಗಿ ಹಿಡಿಯತೊಡಗಿದನು. ಅದರ ಬಿಸಿಯು ತಂದೆಗೆ ತಟ್ಟದಿರಲಿಲ್ಲ. 1648ರಲ್ಲಿ ಜಿಂಜಿಯ ಬಳಿ ಬೀಡುಬಿಟ್ಟಿದ್ದಾಗ ಶಹಾಜಿಯು ಸೆರೆಯಾಳಾದನು. ಮಗನ ಮುಂದೆ ಕಠಿನವಾದ ಪರೀಕ್ಷೆ ನಿಂತಿತು: ಕೋಟೆಯನ್ನು ಉಳಿಸಿಕೊಳ್ಳುವುದೋ, ತಂದೆಯನ್ನೋ? ಶಿವಾಜಿಯು ಒಂದೆಡೆ ಮೊಗಲರೊಡನೆ ಪತ್ರವ್ಯವಹಾರ ನಡೆಯಿಸಿದನು. ಇನ್ನೊಂದೆಡೆ ಇಂದು ಸಿಂಹಗಡವೆಂದು ಹೆಸರಾದ ಕೊಂಢಾಣೆಯನ್ನು ವಿಜಾಪುರಕ್ಕೆ ಒಪ್ಪಿಸಿದನು. 1649ರಲ್ಲಿ ತಂದೆಯ ಬಿಡುಗಡೆಯಾಯಿತು. ಕೆಲವು ವರ್ಷಗಳ ಮೇಲೆ ಕನಕಗಿರಿಯ ಮುತ್ತಿಗೆಯಲ್ಲಿ ಸಂಭಾಜಿಯು ಮಡಿದಾಗ, ಶಹಾಜಿಯು ಪುತ್ರಶೋಕವನ್ನೂ ಅನುಭವಿಸಬೇಕಾಯಿತು.

1659ರಲ್ಲಿ ಶಿವಾಜಿಯು ಅಫಜಲಖಾನನನ್ನು ಕೊಂದನು. ವೈರವು ಮುಗಿಲು ಮುಟ್ಟಿತು. ವಿಜಾಪುರದ ಸುಲ್ತಾನನಿಗೆ ಮಗನೊಡನೆ ಸಂಧಾನ ಮಾಡಿಸಲು ತಂದೆಗಿಂತ ತಕ್ಕವನು ಯಾರು? ಸುಮಾರು 1662ರಲ್ಲಿ ಶಹಾಜಿಯು ಬಹು ವರ್ಷಗಳ ಬಳಿಕ ಹುಟ್ಟುನಾಡಿನ ಕಡೆಗೆ ಹೊರಟನು. ತಂದೆಮಕ್ಕಳು ಜೇಜುರಿಯ ಖಂಡೋಬನ ಸನ್ನಿಧಿಯಲ್ಲಿ ಸಂಧಿಸಿದರೆಂದು ಪರಂಪರೆಯು ಹೇಳುತ್ತದೆ. ಅಷ್ಟು ಹೊತ್ತಿಗೆ ಹೆಸರುವಾಸಿಯಾಗಿದ್ದ ಮಗನು ತಂದೆಯ ಪಲ್ಲಕ್ಕಿಯ ಪಕ್ಕದಲ್ಲಿ ಬರಿಗಾಲಿನಿಂದ ನಡೆದನೆಂದು ಬಖರುಕಾರರು ಬಣ್ಣಿಸುತ್ತಾರೆ. ಇದು ಕಥೆಯೋ, ನಡೆದ ಸಂಗತಿಯೋ, ತೀರ್ಮಾನಿಸುವುದು ಕಷ್ಟ. ಆದರೆ ಕೂಡಿಸಿ ಹೇಳಿದವರು ಜೇಜುರಿಯನ್ನೇ ಆರಿಸಿಕೊಂಡುದಕ್ಕೆ ಅರ್ಥವಿಲ್ಲದಿಲ್ಲ. ಮರಾಠರ ಖಂಡೋಬನೇ ಕನ್ನಡಿಗರ ಮೈಲಾರಲಿಂಗ. ಅಲ್ಲಿ ಹಾಡುವ ವಾಘ್ಯಾಗಳಿಗೂ ನಮ್ಮ ಮೈಲಾರದ ಗೊರವರಿಗೂ ಒಂದೇ ದೇವರು. ಇಬ್ಬರ ಹಣೆಯಲ್ಲಿಯೂ ಒಂದೇ ಅರಿಸಿನದ ಭಂಡಾರ. ಎರಡು ನಾಡುಗಳಲ್ಲಿ ಬಾಳಿದ ತಂದೆಯು ಮಗನನ್ನು ಕಾಣಲು ಇದಕ್ಕಿಂತ ಒಪ್ಪುವ ತಾಣವನ್ನು ಕಲ್ಪಿಸುವುದು ಸಾಧ್ಯವಿಲ್ಲ.

ಶಹಾಜಿಯು ಪುಣೆಯಲ್ಲಿ ಉಳಿಯಲಿಲ್ಲ. ತನ್ನ ಕಾರ್ಯಕ್ಷೇತ್ರವಾದ ಕರ್ನಾಟಕಕ್ಕೆ ಹಿಂದಿರುಗಿದನು. 1664ರ ಜನವರಿ 23ರಂದು, ಇಂದಿನ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ, ಬೇಟೆಯಾಡುತ್ತಿದ್ದಾಗ ಕುದುರೆಯಿಂದ ಬಿದ್ದು ತೀರಿಕೊಂಡನು. ಶಿವಾಜಿಯು ಸೂರತ್ತಿನ ದಾಳಿಯನ್ನು ಮುಗಿಸಿದ ಹೊಸತರಲ್ಲಿ ಈ ವಾರ್ತೆಯು ಬಂದಿತು. ಏಕೋಜಿಯು ಮುಂದೆ ತಂಜಾವೂರಿನಲ್ಲಿ ಅರಸನಾದನು. ಶಿವಾಜಿಯು 1674ರಲ್ಲಿ ರಾಯಗಡದಲ್ಲಿ ಪಟ್ಟಾಭಿಷಿಕ್ತನಾದನು. ಬೇರೊಬ್ಬರ ಸೇವೆಯಲ್ಲಿ ಆಯುಷ್ಯವನ್ನು ಸವೆಯಿಸಿದ ತಂದೆಯ ಇಬ್ಬರು ಮಕ್ಕಳು ಎರಡು ರಾಜ್ಯಗಳ ಒಡೆಯರಾದರು. ಆ ಎರಡು ಪಟ್ಟಗಳನ್ನೂ ಅವನು ಕಾಣಲಿಲ್ಲ.

ವಿದ್ಯಾರ್ಥಿಗಳೇ, ಬೆಂಗಳೂರಿನಲ್ಲಿ ಶಹಾಜಿಯ ಅರಮನೆ ಈಗ ಉಳಿದಿಲ್ಲ. ಪುಣೆಯಲ್ಲಿ ಅವನ ಕಾಲದ ಲಾಲ್ ಮಹಲೂ ಉಳಿದಿಲ್ಲ. ಉಳಿದಿರುವುದು ಹೊದಿಗೆರೆಯ ಸರಳವಾದ ಸಮಾಧಿ. ಮುಂದಿನ ರಜೆಯಲ್ಲಿ ನೀವು ಜೇಜುರಿಯ ಮೆಟ್ಟಿಲುಗಳನ್ನು ಹತ್ತುವಾಗ, ಸಾಲುಗೂಡಿದ ದೀಪಮಾಲೆಗಳ ನಡುವೆ ಒಂದು ಕ್ಷಣ ನಿಂತು ಆ ಮುದುಕ ತಂದೆಯನ್ನು ನೆನೆಯಿರಿ. ದಾರಿ ತೋರಿಸುವವರು ಅವನ ಹೆಸರನ್ನು ಹೇಳಿ ದಾಟಿಹೋದರೆ, ಅವನು ಮಣ್ಣಾದ ಊರು ಕನ್ನಡ ನಾಡಿನಲ್ಲಿದೆಯೆಂದು ನೀವೇ ವಿನಯದಿಂದ ತಿಳಿಸಿರಿ.