ಡಾ. ಲೆಸ್ಲಿ ಕೋಲ್ಮನ್: ಸಕ್ಕರೆ ನಾಡಿನ ಹಿಂದಿನ ವಿಜ್ಞಾನಿ

ಮಂಡ್ಯ, ಮದ್ದೂರು, ಮಳವಳ್ಳಿಗಳ ಹಸಿರನ್ನು ಕಂಡಾಗ ನಾಲ್ವಡಿ ಕೃಷ್ಣರಾಜ ಒಡೆಯರ್ ಹಾಗೂ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರುಗಳು ಮೊದಲು ನೆನಪಾಗುತ್ತವೆ. ಕನ್ನಂಬಾಡಿ ಕಟ್ಟೆಯಿಂದ ನೀರು ಹರಿದು ಬಂದದ್ದು ಅವರ ಸಂಕಲ್ಪದಿಂದ. ಆದರೆ ಆ ನೀರಿನಿಂದ ಏನನ್ನು ಬೆಳೆಯಬೇಕು, ಬೆಳೆದುದಕ್ಕೆ ಮಾರುಕಟ್ಟೆ ಎಲ್ಲಿ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಿದವರಲ್ಲಿ ಪ್ರಮುಖರು ಕೆನಡಾ ದೇಶದ ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್.

1878ರಲ್ಲಿ ಒಂಟಾರಿಯೊ ಪ್ರಾಂತ್ಯದಲ್ಲಿ ಜನಿಸಿದ ಕೋಲ್ಮನ್, ಟೊರಾಂಟೊ ವಿಶ್ವವಿದ್ಯಾಲಯದಿಂದ 1904ರಲ್ಲಿ ಪದವಿ ಪಡೆದು, ಜರ್ಮನಿಯ ಗಟಿಂಗೆನ್‌ನಲ್ಲಿ ಡಾಕ್ಟರೇಟ್ ಗಳಿಸಿದರು. ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ಬೇರುಗಳು ಹೀರಬಲ್ಲ ನೈಟ್ರೇಟ್ ಆಗಿ ಮಾರ್ಪಡಿಸುವ ಜೀವರಾಸಾಯನಿಕ ಕ್ರಿಯೆಯೇ ಅವರ ಆರಂಭದ ಸಂಶೋಧನೆಯ ವಸ್ತು. ಅದರ ಫಲಿತಾಂಶ 1908ರಲ್ಲಿ ಜರ್ಮನ್ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಅದೇ ವರ್ಷ ಅವರು ಶಿಲೀಂಧ್ರ ಹಾಗೂ ಕೀಟಗಳ ತಜ್ಞರಾಗಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಸಂಶೋಧನೆಯ ದಿಕ್ಕು ಅಲ್ಲಿಗೆ ಬದಲಾಯಿತು.

ಮಲೆನಾಡಿನ ಅಡಿಕೆ ತೋಟಗಳನ್ನು ಆಗ ಕೊಳೆರೋಗ ನಾಶಮಾಡುತ್ತಿತ್ತು. ಮಳೆಯಿಂದ ಗೊನೆಗಳನ್ನು ಕಾಪಾಡಲು ಕೊಟ್ಟೆ ಕಟ್ಟುವುದೊಂದೇ ಬೆಳೆಗಾರರಿಗೆ ತಿಳಿದಿದ್ದ ಉಪಾಯ. ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಕೋಲ್ಮನ್ ಗುರುತಿಸಿ, 1910ರಲ್ಲಿ ಕೃಷಿ ಇಲಾಖೆಯ ಪ್ರಕಟಣೆಯಲ್ಲಿ ವಿವರಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಳಕೆಯಲ್ಲಿದ್ದ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು, ಜಡಿಮಳೆಗೂ ತೊಳೆದುಹೋಗದಂತೆ ಅಂಟು ಸೇರಿಸಿ ಸಿಂಪಡಿಸುವ ವಿಧಾನವನ್ನು ಬಳಕೆಗೆ ತಂದರು.

ವಿಜ್ಞಾನಿಯೊಬ್ಬನ ಕೃತಿಯನ್ನು ಬೇರೆಯವರು ಎಷ್ಟು ಬಾರಿ ಉಲ್ಲೇಖಿಸಿದ್ದಾರೆ ಎಂಬುದು ಇಂದು ಯೋಗ್ಯತೆಯ ಅಳತೆಗೋಲಾಗಿದೆ. ಈ ಲೆಕ್ಕವನ್ನಿಡುವ ಪ್ರಸಿದ್ಧ ವಿಜ್ಞಾನ ಉಲ್ಲೇಖ ಸೂಚಿ ಅಮೆರಿಕದಲ್ಲಿ ಆರಂಭವಾದದ್ದು 1964ರಲ್ಲಿ. ಕೋಲ್ಮನ್ನರ ಮುಖ್ಯ ಬರಹಗಳು ಅದಕ್ಕೂ ಅರ್ಧ ಶತಮಾನ ಮೊದಲು, ಮೈಸೂರಿನ ಇಲಾಖಾ ಪುಸ್ತಿಕೆಗಳಲ್ಲಿ ಅಚ್ಚಾದವು. ಆದರೂ ಅವರ ಹೆಸರು ವಿಜ್ಞಾನದ ದಾಖಲೆಯಲ್ಲಿ ಉಳಿದಿದೆ. ಜೋಳದ ಬೆಳೆಗೆ ಮುತ್ತುವ ದಖ್ಖನ್ ಮಿಡತೆಯ ಕುಲಕ್ಕೆ ಸ್ಪೇನಿನ ಕೀಟಶಾಸ್ತ್ರಜ್ಞ ಇಗ್ನಾಸಿಯೊ ಬೊಲಿವಾರ್ 1910ರಲ್ಲಿ ಕೋಲ್ಮೇನಿಯ ಎಂದು ಹೆಸರಿಟ್ಟರು. ಅಡಿಕೆಯ ಶಿಲೀಂಧ್ರಕ್ಕೆ ಫೈಟಾಫ್ತೊರ ಅರೆಕೆ ಎಂಬ ಹೆಸರು ಬಂದಾಗ, ಮೊದಲು ವಿವರಿಸಿದವರೆಂದು ಕೋಲ್ಮನ್ನರ ಹೆಸರೂ ಅದರೊಡನೆ ಸೇರಿತು. ಆ ಪ್ರಭೇದದ ವರ್ಗೀಕರಣವನ್ನು ನಂತರದ ವಿಜ್ಞಾನಿಗಳು ಪರಿಷ್ಕರಿಸಿದರು. ತೋಟಗಳಲ್ಲಿ ಔಷಧ ಸಿಂಪಡಣೆ ಮಾತ್ರ ಮುಂದುವರಿಯಿತು.

ಸಂಸ್ಥಾನದ ಕೃಷಿ ನಿರ್ದೇಶಕರಾದ ಬಳಿಕ ಕೋಲ್ಮನ್ ಸಂಸ್ಥೆಗಳನ್ನು ಕಟ್ಟುವ ಕಾರ್ಯಕ್ಕೆ ತೊಡಗಿದರು. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ತಲೆಯೆತ್ತಿತು. ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅದರ ಮುಂದುವರಿಕೆ.

ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಹುಲಿಕೆರೆಯ ಸುರಂಗವನ್ನು ದಾಟಿ ರಾಗಿಯ ಹೊಲಗಳಿಗೆ ನೀರು ತಂದಾಗ ಅವರ ಗಮನ ಮಂಡ್ಯದತ್ತ ಹರಿಯಿತು. ನಾಲಾ ಪ್ರದೇಶದ ಬೇಸಾಯಕ್ಕೆಂದೇ ಮಂಡ್ಯದ ಬಳಿ ಪ್ರಯೋಗ ಕ್ಷೇತ್ರವೊಂದು ಸಿದ್ಧವಾಯಿತು. ಅದೇ ಈಗಿನ ವಿ.ಸಿ. ಫಾರಂ. ನೀರಿದ್ದರೂ, ಕಬ್ಬನ್ನು ಅರೆಯುವ ಯಂತ್ರವಿಲ್ಲದೆ ರೈತನ ಬಾಳು ಹಸನಾಗದೆಂದು ಅರಿತ ಕೋಲ್ಮನ್, ಸಕ್ಕರೆ ಕಾರ್ಖಾನೆಯ ಯೋಜನೆಗೆ ಬೆನ್ನೆಲುಬಾದರು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲಿ, 1933ರಲ್ಲಿ, ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಮಂಡ್ಯಕ್ಕೆ ಸಕ್ಕರೆ ನಾಡೆಂಬ ಹೆಸರು ಬಂದದ್ದು ಆ ಕಾರ್ಖಾನೆಯಿಂದ.

1934ರಲ್ಲಿ ಸೇವೆಯಿಂದ ನಿವೃತ್ತರಾಗಿ ಕೆನಡಾಕ್ಕೆ ಮರಳಿದ ಕೋಲ್ಮನ್ ಸುಮ್ಮನೆ ಕುಳಿತುಕೊಳ್ಳಲಿಲ್ಲ. ಮಿಡತೆಗಳ ವರ್ಣತಂತುಗಳ ರಚನೆಯನ್ನು ಕುರಿತ ಅವರ ಪ್ರಬಂಧ 1943ರಲ್ಲಿ ಜೆನೆಟಿಕ್ಸ್ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಆಗ ಅವರಿಗೆ ಅರವತ್ತೈದರ ಆಸುಪಾಸು. 1954ರಲ್ಲಿ ಅವರು ನಿಧನರಾದರು.

ಮಣ್ಣಿನ ರಸಾಯನದಿಂದ ಶಿಲೀಂಧ್ರಕ್ಕೆ, ಅಲ್ಲಿಂದ ಕೀಟಕ್ಕೆ, ಕಾಫಿಗೆ, ಕಬ್ಬಿಗೆ ಸಾಗಿದ ಈ ಬದುಕು ಒಂದೇ ವಿಷಯದ ಮೇಲೆ ಕೀರ್ತಿ ಕಟ್ಟಿಕೊಳ್ಳುವ ಹಾದಿಯದಲ್ಲ. ನಾಡಿನ ರೈತನಿಗೆ ಯಾವ ಕಷ್ಟ ಎದುರಾಯಿತೋ ಅದೇ ಅವರ ಮುಂದಿನ ಸಂಶೋಧನೆಯ ವಿಷಯವಾಯಿತು. ಅವರ ಹೆಸರನ್ನೇ ಕೇಳದ ಬೆಳೆಗಾರನೂ ಮಳೆಗಾಲದ ಹೊಸ್ತಿಲಲ್ಲಿ ಮೈಲುತುತ್ತಕ್ಕೆ ಸುಣ್ಣ ಬೆರೆಸುತ್ತಾನೆ. ಯಾವ ಸೂಚಿಯೂ ಎಣಿಸದ ಉಲ್ಲೇಖವದು.