ಓನಾಸಿಸ್: ಊರು ಕಳೆದುಕೊಂಡವನು ಕೊಂಡ ದ್ವೀಪ

ಗ್ರೀಸ್ ದೇಶದ ಪಶ್ಚಿಮ ಕರಾವಳಿಗೆ ಸಮೀಪ, ಅಯೋನಿಯನ್ ಸಮುದ್ರದಲ್ಲಿ ಲೆಫ್ಕಾಡಾ ದ್ವೀಪದ ಪಕ್ಕಕ್ಕೆ ಸ್ಕಾರ್ಪಿಯೋಸ್ ಎಂಬ ಪುಟ್ಟ ನಡುಗಡ್ಡೆಯಿದೆ. ವಿಸ್ತೀರ್ಣ ಸುಮಾರು 200 ಎಕರೆ. ನಕ್ಷೆಯಲ್ಲಿ ಹುಡುಕಬೇಕಾದ ಈ ದ್ವೀಪವನ್ನು ಜಗತ್ಪ್ರಸಿದ್ಧಗೊಳಿಸಿದವನು ಹಡಗು ಉದ್ಯಮಿ ಅರಿಸ್ಟಾಟಲ್ ಓನಾಸಿಸ್. ಆತ ಇದನ್ನು ಕೊಂಡದ್ದು 1963ರಲ್ಲಿ.

ಓನಾಸಿಸ್ ಹುಟ್ಟಿದ್ದು 1906ರಲ್ಲಿ, ಏಷ್ಯಾ ಮೈನರಿನ ಸ್ಮಿರ್ನಾ ನಗರದಲ್ಲಿ. ಇಂದು ಅದು ಟರ್ಕಿಯ ಇಜ್ಮಿರ್. ತಂದೆ ಸಾಕ್ರಟೀಸ್ ಅನುಕೂಲಸ್ಥ ತಂಬಾಕು ವ್ಯಾಪಾರಿ. 1922ರಲ್ಲಿ ಟರ್ಕಿಯ ಸೇನೆ ನಗರವನ್ನು ವಶಪಡಿಸಿಕೊಂಡಿತು. ಬೆಂಕಿಗೆ ನಗರದ ಬಹುಭಾಗ ಆಹುತಿಯಾಯಿತು. ತಂದೆ ಸೆರೆಮನೆ ಸೇರಿದರು, ಬಂಧುಗಳಲ್ಲಿ ಕೆಲವರು ಹತರಾದರು. ಆಸ್ತಿಪಾಸ್ತಿ ಕಳೆದುಕೊಂಡ ಕುಟುಂಬ ನಿರಾಶ್ರಿತರಾಗಿ ಗ್ರೀಸ್ ತಲುಪಿತು.

ಮರುವರ್ಷವೇ ಆತ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ಗೆ ಹಡಗು ಹತ್ತಿದ. ರಾತ್ರಿ ಪಾಳಿಯಲ್ಲಿ ಟೆಲಿಫೋನ್ ಕಚೇರಿಯ ಕೆಲಸ, ಹಗಲಿನಲ್ಲಿ ತಂಬಾಕು ವ್ಯವಹಾರ. 1930ರ ದಶಕದ ಜಾಗತಿಕ ಆರ್ಥಿಕ ಮುಗ್ಗಟ್ಟಿನಲ್ಲಿ ಇತರರು ಹಡಗುಗಳನ್ನು ಮಾರಿ ಕೈತೊಳೆದುಕೊಳ್ಳುತ್ತಿದ್ದಾಗ ಆತ ಕೆನಡಾದ ಹಳೆಯ ಸರಕು ಹಡಗುಗಳನ್ನು ಅಗ್ಗದ ಬೆಲೆಗೆ ಕೊಂಡ. ಎರಡನೇ ಮಹಾಯುದ್ಧದ ನಂತರ ತೈಲ ಸಾಗಣೆ ಅವನ ಕೈಹಿಡಿಯಿತು. 1957ರಲ್ಲಿ ಒಲಿಂಪಿಕ್ ಏರ್‌ವೇಸ್ ಕೂಡ ಅವನದಾಯಿತು.

ಅಂಥ ಸಿರಿವಂತನಿಗೆ ನೀರಿನ ಆಸರೆಯಿಲ್ಲದ, ಜನವಸತಿಯಿಲ್ಲದ ದ್ವೀಪವೇಕೆ? ಲಾಭದ ಲೆಕ್ಕ ಅಲ್ಲಿರಲಿಲ್ಲ. ಸಾಮಾನ್ಯವಾಗಿ ಕೇಳಿಬರುವ ಬೆಲೆ 35 ಲಕ್ಷ ದ್ರಾಕ್ಮಾ. ಹಡಗಿನ ದೊರೆಗೆ ಇದು ದೊಡ್ಡ ಮೊತ್ತವೇನಲ್ಲ. ಆದರೆ ಅಲ್ಲಿ ರಸ್ತೆ, ಬಂದರುಕಟ್ಟೆ, ಮನೆಗಳನ್ನು ಕಟ್ಟಿಸಿ, ಬೋಳು ನೆಲದಲ್ಲಿ ಮರಗಳನ್ನು ಬೆಳೆಸಲು ಆತ ನೀರಿನಂತೆ ಹಣ ಚೆಲ್ಲಿದ. ಹುಟ್ಟೂರು ಬೂದಿಯಾದವನಿಗೆ ತನ್ನದೆನ್ನುವ ಮಣ್ಣಿನ ಬೆಲೆ ಬೇರೆಯೇ ಆಗಿತ್ತೇನೋ.

1968ರ ಅಕ್ಟೋಬರ್ 20ರಂದು ದ್ವೀಪದ ಪುಟ್ಟ ಚರ್ಚಿನಲ್ಲಿ ಆತ ಅಮೆರಿಕದ ದಿವಂಗತ ಅಧ್ಯಕ್ಷ ಕೆನಡಿಯವರ ಪತ್ನಿ ಜಾಕ್ವೆಲಿನ್ ಅವರನ್ನು ವರಿಸಿದ. ಜಗತ್ತಿನ ಪತ್ರಿಕೆಗಳ ಕಣ್ಣೆಲ್ಲ ಸ್ಕಾರ್ಪಿಯೋಸ್ ಮೇಲೆ ನೆಟ್ಟಿತು.

ಸಂಭ್ರಮ ಬಹುಕಾಲ ಉಳಿಯಲಿಲ್ಲ. 1973ರ ಜನವರಿಯಲ್ಲಿ ಅಥೆನ್ಸ್ ವಿಮಾನ ನಿಲ್ದಾಣದಲ್ಲಿ ನಡೆದ ಅಪಘಾತದಲ್ಲಿ ಮಗ ಅಲೆಕ್ಸಾಂಡರ್ ಗಾಯಗೊಂಡು ಅಸುನೀಗಿದ. ವಯಸ್ಸು ಕೇವಲ 24. ಮಗನನ್ನು ಮಣ್ಣು ಮಾಡಿದ್ದು ಅದೇ ದ್ವೀಪದಲ್ಲಿ. ಆ ಆಘಾತದಿಂದ ಓನಾಸಿಸ್ ಚೇತರಿಸಿಕೊಳ್ಳಲಿಲ್ಲ. 1975ರ ಮಾರ್ಚ್ 15ರಂದು ಪ್ಯಾರಿಸ್ ಸಮೀಪದ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದು, ಮಗನ ಪಕ್ಕದಲ್ಲಿ ಮಲಗಿದ. ತಂದೆ ಬದುಕು ಕಟ್ಟಿಕೊಂಡ ಬ್ಯೂನಸ್ ಐರಿಸ್‌ನಲ್ಲೇ 1988ರಲ್ಲಿ ಮಗಳು ಕ್ರಿಸ್ಟಿನಾ ತೀರಿಕೊಂಡಳು. ಅವಳ ಸಮಾಧಿಯೂ ಇಲ್ಲಿಯೇ. ವಿಹಾರಕ್ಕೆಂದು ಕೊಂಡ ನೆಲ ವಂಶದ ರುದ್ರಭೂಮಿಯಾಯಿತು.

ಉಳಿದವಳು 1985ರಲ್ಲಿ ಹುಟ್ಟಿದ ಮೊಮ್ಮಗಳು ಅಥಿನಾ. 2013ರಲ್ಲಿ ದ್ವೀಪ ರಷ್ಯಾದ ಶ್ರೀಮಂತ ಕುಟುಂಬವೊಂದರ ಕೈಸೇರಿತು.

ಅದೇ 2013ರಲ್ಲಿ ಗ್ರೀಸ್ ಸರ್ಕಾರ ಎರಡೂವರೆ ಲಕ್ಷ ಯೂರೋ ಮೌಲ್ಯದ ಸ್ಥಿರಾಸ್ತಿ ಕೊಂಡ ವಿದೇಶಿಯರಿಗೆ ವಾಸದ ಪರವಾನಗಿ ನೀಡುವ ಯೋಜನೆ ಆರಂಭಿಸಿತು. ಬೆಲೆಯೇರಿಕೆಯಿಂದ ಸ್ಥಳೀಯರು ಪರದಾಡತೊಡಗಿದಾಗ, 2024ರಲ್ಲಿ ಸ್ಯಾಂಟೊರಿನಿ, ಮೈಕೊನೋಸ್ ಸೇರಿದಂತೆ 3,100ಕ್ಕಿಂತ ಹೆಚ್ಚು ಜನಸಂಖ್ಯೆಯ ದ್ವೀಪಗಳಲ್ಲಿ ಮಿತಿಯನ್ನು 8 ಲಕ್ಷ ಯೂರೋಗೆ ಏರಿಸಲಾಯಿತು. ಆದರೂ ಕಡಲತೀರ ಮಾತ್ರ ಯಾರ ಸ್ವತ್ತೂ ಅಲ್ಲ. ಗ್ರೀಕ್ ಕಾನೂನಿನ ಪ್ರಕಾರ ಅದು ಸಾರ್ವಜನಿಕರದು.

ಓನಾಸಿಸ್ ಕೊಂಡ ದ್ವೀಪ ವಂಶದ ಕೈಯಲ್ಲಿ ಉಳಿದದ್ದು ಐವತ್ತು ವರ್ಷ. ಮಗನ ಹೆಸರಿನಲ್ಲಿ ಸ್ಥಾಪನೆಯಾದ ಪ್ರತಿಷ್ಠಾನ ಅಥೆನ್ಸಿನಲ್ಲಿ ಕಟ್ಟಿಸಿದ ಹೃದ್ರೋಗ ಆಸ್ಪತ್ರೆ ಮಾತ್ರ ಇಂದಿಗೂ ರೋಗಿಗಳಿಗೆ ಬಾಗಿಲು ತೆರೆದಿದೆ.